ಔಟ್‌ಬೋರ್ಡ್ ಎಂಜಿನ್ನಿಗೆ ಯಾವ ಸ್ಟೀಲ್ ಬೋಲ್ಟ್?

ಪ್ರಶ್ನೆ: ಮಲ್ಪೆಯಲ್ಲಿರುವ ನಮ್ಮ ದೋಣಿಯ ಔಟ್‌ಬೋರ್ಡ್ ಎಂಜಿನ್ನಿನ ಗೇರ್‌ಬಾಕ್ಸ್ ಬೋಲ್ಟುಗಳು ಹಾಳಾಗಿವೆ. ಅಂಗಡಿಯ ಸ್ಟೇನ್‌ಲೆಸ್ ಬೋಲ್ಟ್ ಹಾಕಬಹುದೇ?

ಉತ್ತರ: ಹಾಕಬಹುದು, ಆದರೆ ತಲೆಯ ಮೇಲೆ ‘ಎ4-70’ ಎಂದಿರಬೇಕು, ಅದು 316 ದರ್ಜೆಯ ಸ್ಟೇನ್‌ಲೆಸ್. ‘ಎ2’ ಎಂದರೆ 304. ಉಪ್ಪುನೀರಿನಲ್ಲಿ ಬೇಗ ಗುಳಿ ಬೀಳುತ್ತದೆ. ಅಯಸ್ಕಾಂತದ ಪರೀಕ್ಷೆ ಇವೆರಡನ್ನೂ ಬೇರ್ಪಡಿಸದು. ಅಳತೆ, ಪಿಚ್ (ತಿರುಪಿನ ಸುತ್ತುಗಳ ನಡುವಿನ ಅಂತರ) ಹಳೆಯದರಂತೆಯೇ ಇರಲಿ. ಹಳೆಯದರ ತಲೆಯಲ್ಲಿ ಬಲದ ದರ್ಜೆ 8.8 ಅಥವಾ 10.9 ಎಂದಿದ್ದರೆ ಎ4-70 ಬೇಡ, ಬಲ ಸಾಲದು, ಕಂಪನಿಯದ್ದೇ ತನ್ನಿ.

ಸ್ಟೇನ್‌ಲೆಸ್ ಬೋಲ್ಟಿಗಿಂತ ಹೆಚ್ಚು ಸವೆಯುವುದು ಗೇರ್‌ಬಾಕ್ಸಿನ ಅಲ್ಯೂಮಿನಿಯಂ ಕವಚ. ನಡುವೆ ಉಪ್ಪುನೀರು ಸೇರಿದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಬೋಲ್ಟನ್ನು ಕಚ್ಚಿಕೊಳ್ಳುತ್ತದೆ, ಬಿಚ್ಚುವಾಗ ಬೋಲ್ಟ್ ಮುರಿಯುತ್ತದೆ. ಹಾಗಾಗಿ ತಿರುಪಿನ ಭಾಗಕ್ಕೆ ಮೆರೈನ್ ಗ್ರೀಸ್ ಹಚ್ಚಿ. ತಾಮ್ರ, ಗ್ರಾಫೈಟ್ ಬೆರೆತ ಗ್ರೀಸ್ ಬೇಡವೇ ಬೇಡ. ಸ್ಟೇನ್‌ಲೆಸ್ ನಟ್ಟನ್ನು ನಟ್ ಬಿಗಿಯುವ ಯಂತ್ರದಿಂದ (ಗನ್) ಜೋರಾಗಿ ತಿರುಗಿಸಿದರೆ ಬಿಸಿಯಾಗಿ ಅಲ್ಲೇ ಜಾಮ್ ಆಗುತ್ತದೆ, ಕೈಯಲ್ಲೇ ಬಿಗಿಯಿರಿ. ಅರ್ಧ ಸವೆದ ಆನೋಡನ್ನೂ (ಎಂಜಿನ್ನಿನ ಬದಲು ತಾನು ಸವೆಯಲೆಂದು ಕೂರಿಸಿದ ಲೋಹದ ತುಂಡು) ಬದಲಿಸಿ. ಅದಕ್ಕೆ ಬಣ್ಣ ಬಳಿದರೆ ಕೆಲಸವೇ ಮಾಡದು.