ಖಿನ್ನತೆ ಪತ್ತೆಗೆ ಪಿಎಚ್‌ಕ್ಯೂ-9 ಒಂದೇ ಸಾಕಾ?

ಖಿನ್ನತೆ ಇರುವ ಮತ್ತು ಇಲ್ಲದ ವಿದ್ಯಾರ್ಥಿಗಳನ್ನು ಹೋಲಿಸುವ ಪ್ರಾಜೆಕ್ಟ್‌ಗೆ ಪಿಎಚ್‌ಕ್ಯೂ-9 ಒಂದೇ ಸಾಕಾ ಅಂತ ಕೇಳಿದ್ದೀರಿ. ಸಾಲದು. ಅದು ಕಳೆದ 2 ವಾರ ಹೇಗಿದ್ದೆವು ಅಂತ ವಿದ್ಯಾರ್ಥಿಗಳೇ ತುಂಬುವ, 9 ಪ್ರಶ್ನೆಗಳ ಫಾರ್ಮ್. 10 ಅಥವಾ ಜಾಸ್ತಿ ಅಂಕ ಬಂದರೆ ಮುಂದೆ ವಿಚಾರಿಸಬೇಕು ಅಂತ ಅರ್ಥ, ಅಷ್ಟೇ. ಥೈರಾಯ್ಡ್ ತೊಂದರೆ, ಮನೆಯಲ್ಲಿ ಈಚೆಗೆ ಆದ ಸಾವು, ಹಿಂದೆ ಯಾವಾಗಲೋ ಬಂದುಹೋದ ಮೇನಿಯಾ (ಉತ್ಸಾಹ, ಚಟುವಟಿಕೆ ಮಿತಿಮೀರುವ ಸ್ಥಿತಿ), ಇವೆಲ್ಲ ಎದುರು ಕೂತು ಕೇಳಿದರೆ ಮಾತ್ರ ಹೊರಬರುತ್ತವೆ.

ಹಾಗಂತ ಸುಮ್ನೆ ಮಾತಾಡಿಸಿ ಬರೆದುಕೊಂಡರೂ ಆಗದು. 1970ರ ಆಸುಪಾಸಿನಲ್ಲಿ ನ್ಯೂಯಾರ್ಕ್ ಮತ್ತು ಲಂಡನ್ ಆಸ್ಪತ್ರೆಗಳನ್ನು ಹೋಲಿಸಿ ನೋಡಿದರು. ನ್ಯೂಯಾರ್ಕ್ ವೈದ್ಯರು ಸ್ಕಿಜೋಫ್ರೇನಿಯಾ (ಭ್ರಮೆಗಳು ಕಾಡುವ ಗಂಭೀರ ಮಾನಸಿಕ ಕಾಯಿಲೆ) ಅಂತ ತುಂಬಾ ಜಾಸ್ತಿ ಬರೆಯುತ್ತಿದ್ದರು, ಆದರೆ ಎರಡೂ ಕಡೆಯ ರೋಗಿಗಳಿಗೆ ಒಂದೇ ಬಗೆಯ ಸಿದ್ಧ ಪ್ರಶ್ನೆಗಳಿಂದ ಸಂದರ್ಶನ ಮಾಡಿದಾಗ ಆ ವ್ಯತ್ಯಾಸ ಬಹುಪಾಲು ಮಾಯವಾಯಿತು.

ಹಾಗಾಗಿ ನಿಮಗೆ ‘ಮಿನಿ’ ಅನ್ನುವ, ಸಿದ್ಧ ಪ್ರಶ್ನೆಗಳ ಚಿಕ್ಕ ಸಂದರ್ಶನ ಸರಿಹೋಗುತ್ತದೆ. ಸುಮಾರು 15 ನಿಮಿಷದ ಕೆಲಸ. ನಿಮ್ಹಾನ್ಸ್ ಮುಂದಾಳತ್ವದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲೂ 12 ರಾಜ್ಯಗಳಲ್ಲಿ ಇದನ್ನೇ ಬಳಸಿದ್ದರು. ಎಸ್‌ಸಿಐಡಿ ಅನ್ನುವ ಇನ್ನೊಂದು ಸಂದರ್ಶನ ಇನ್ನೂ ಆಳ ನಿಜ, ಆದರೆ ತುಂಬಾ ಹೊತ್ತು ಹಿಡಿಯುತ್ತದೆ, ತರಬೇತಿ ಇಲ್ಲದೆ ಮುಟ್ಟಲೇಬೇಡಿ. ಕೆಲವು ಸಂದರ್ಶನಗಳಿಗೆ ಸಹಪಾಠಿಯೊಬ್ಬರನ್ನು ಪಕ್ಕದಲ್ಲಿ ಕೂರಿಸಿ, ಇಬ್ಬರೂ ಬೇರೆಬೇರೆ ಗುರುತು ಹಾಕಿ, ಕಪ್ಪಾ (ಇಬ್ಬರ ಗುರುತು ಎಷ್ಟು ಹೊಂದುತ್ತದೆ ಅನ್ನುವ ಅಳತೆ) ಲೆಕ್ಕ ತೆಗೆಯಿರಿ. ವೈವಾದಲ್ಲಿ ಕೇಳಬಹುದು, ಅಲ್ವಾ?

ಇನ್ನೊಂದು, ಮಿನಿಯಲ್ಲಿ ಆತ್ಮಹತ್ಯೆ ಬಗ್ಗೆಯೂ ಪ್ರಶ್ನೆಗಳಿವೆ. ಯಾರಾದರೂ ಹೌದು ಅಂದರೆ ತಕ್ಷಣ ಯಾರ ಹತ್ತಿರ ಕಳಿಸಬೇಕು ಅನ್ನುವುದನ್ನು ಗೈಡ್ ಜೊತೆ ಮೊದಲೇ ತೀರ್ಮಾನಿಸಿಕೊಳ್ಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ನಂಬರ್ 14416 ಕೂಡ ಕೈಯಲ್ಲಿರಲಿ.