ಸರ್ವಾಧಿಕಾರಿ ಬಶೀರ್ ಹೋದ ಮೇಲೂ ಅಮೆರಿಕ ಸುಡಾನ್ ಕೈಯನ್ನು ಬೇಗ ಹಿಡಿಯಲಿಲ್ಲ, ಯಾಕೆ?

ಮುಖ್ಯ ಅಡ್ಡಿ ಒಂದು ಹಳೇ ಪಟ್ಟಿ. 1993ರಲ್ಲೇ ಅಮೆರಿಕ ಸುಡಾನನ್ನು ಭಯೋತ್ಪಾದನೆಗೆ ಬೆಂಬಲ ಕೊಡುವ ದೇಶಗಳ ಪಟ್ಟಿಗೆ ಸೇರಿಸಿತ್ತು. 2019ರ ಏಪ್ರಿಲ್‌ನಲ್ಲಿ ಒಮರ್ ಅಲ್-ಬಶೀರ್ ಅವರನ್ನು ಸೇನೆ ಕುರ್ಚಿಯಿಂದ ಇಳಿಸಿತು, ಆಗಸ್ಟ್‌ನಲ್ಲಿ ಅಬ್ದಲ್ಲಾ ಹಮ್ದೋಕ್ ಪ್ರಧಾನಿಯಾದರು. ಪಟ್ಟಿ ಮಾತ್ರ ಹಾಗೇ ಇತ್ತು.

ಪಟ್ಟಿಯಲ್ಲಿದ್ದರೆ ಏನು ಕಷ್ಟ ಅಂತೀರಾ? ವಿಶ್ವಬ್ಯಾಂಕ್, ಐಎಂಎಫ್‌ಗಳಲ್ಲಿ ಸಾಲದ ಮಾತು ಬಂದಾಗ ಅಮೆರಿಕ ವಿರೋಧಿಸಲೇಬೇಕು, ಅದು ಅವರ ಕಾನೂನು. ಸಾಲಮನ್ನಾದ ದಾರಿಯೂ ಬಂದ್. ಇತ್ತ ರಾಜಧಾನಿ ಖಾರ್ಟೂಮ್‌ನಲ್ಲಿ ಜನ ಬ್ರೆಡ್ಡಿಗೆ, ಪೆಟ್ರೋಲಿಗೆ ಕ್ಯೂ ನಿಂತಿದ್ದರು. ಹೊಸ ಸರ್ಕಾರದ ಮೇಲಿನ ನಂಬಿಕೆ ಕರಗಿದ್ದು ಆ ಕ್ಯೂಗಳಲ್ಲೇ.

ಪಟ್ಟಿಯಿಂದ ಹೊರಬರಲು ಸುಡಾನ್ 33.5 ಕೋಟಿ ಡಾಲರ್ ಪರಿಹಾರ ಒಪ್ಪಬೇಕಾಯಿತು. 1998ರಲ್ಲಿ ನೈರೋಬಿ, ದಾರ್ ಎಸ್ ಸಲಾಮ್‌ನ ಅಮೆರಿಕದ ರಾಯಭಾರ ಕಚೇರಿಗಳ ಮೇಲೆ ನಡೆದ ಬಾಂಬ್ ದಾಳಿಯಂಥ ಪ್ರಕರಣಗಳ ಸಂತ್ರಸ್ತರಿಗೆ ಆ ಹಣ. ಜೊತೆಗೆ ಇಸ್ರೇಲ್ ಜೊತೆ ಸಂಬಂಧ ಸರಿಮಾಡಿಕೊಳ್ಳಿ ಅನ್ನುವ ಒತ್ತಡ ಬೇರೆ. ಚುನಾವಣೆಯನ್ನೇ ಎದುರಿಸದ ಮಧ್ಯಂತರ ಸರ್ಕಾರದ ಮೇಲೆ ಇಷ್ಟು ಹೊರೆ ಜಾಸ್ತಿಯೇ ಆಯಿತು, ಅಲ್ವಾ?

2020ರ ಡಿಸೆಂಬರ್‌ನಲ್ಲಿ ಹೆಸರು ತೆಗೆದರು. 2021ರ ಅಕ್ಟೋಬರ್ 25ಕ್ಕೆ ಸೇನಾಧಿಕಾರಿ ಬುರ್ಹಾನ್ ಅಧಿಕಾರ ಕಿತ್ತುಕೊಂಡರು. ಅಮೆರಿಕ 70 ಕೋಟಿ ಡಾಲರ್ ನೆರವನ್ನು ತಡೆಹಿಡಿಯಿತು. ಪಟ್ಟಿಯೊಂದೇ ಎಲ್ಲ ಹಾಳುಮಾಡಿತು ಅಂತಲ್ಲ, ಬಂದೂಕು ಮೊದಲಿಂದಲೂ ಸೇನೆಯ ಕೈಯಲ್ಲೇ ಇತ್ತು. 2023ರ ಏಪ್ರಿಲ್‌ನಲ್ಲಿ ಸೇನೆಗೂ ಆರ್‌ಎಸ್‌ಎಫ್ ಅನ್ನುವ ಅರೆಸೇನಾ ಪಡೆಗೂ ಯುದ್ಧ ಶುರುವಾಯಿತು. ನಮ್ಮ ಹಕ್ಕಿಪಿಕ್ಕಿ ಜನ ಅಲ್ಲಿ ಸಿಕ್ಕಿಹಾಕಿಕೊಂಡು, ಭಾರತ ಸರ್ಕಾರದ ತೆರವು ಕಾರ್ಯಾಚರಣೆ ಆಪರೇಷನ್ ಕಾವೇರಿಯಲ್ಲಿ ವಾಪಸ್ ಬಂದದ್ದು ಆಗಲೇ.