ಮಗಳ ಕೈಯಿಂದ ಕಿತ್ತಿಟ್ಟ ಪುಸ್ತಕ

ಪ್ರಶ್ನೆ: ನಮಸ್ತೆ ಡಾಕ್ಟ್ರೇ. ಮಗಳು ಫಸ್ಟ್ ಪಿಯು, 16 ವರ್ಷ. ಹೋದ ವಾರ ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದ ಅಂಗಡಿಯಿಂದ ಒಂದು ಇಂಗ್ಲಿಷ್ ಕಾದಂಬರಿ ತಂದಿದ್ದಳು. ಅಮೆರಿಕದ ಕಥೆ. ಅವಳದೇ ವಯಸ್ಸಿನ ಹುಡುಗಿ ಬಸಿರಾಗುತ್ತಾಳೆ, ಆದರೆ ತಿಂಗಳುಗಟ್ಟಲೆ ತನಗೆ ತಾನೇ ಅದನ್ನು ಒಪ್ಪಿಕೊಳ್ಳುವುದಿಲ್ಲ. ಹಿಂದಿನ ರಟ್ಟಿನ ಮೇಲೆ ಇದ್ದದ್ದನ್ನು ಓದಿಯೇ ನನ್ನ ಎದೆ ಧಸಕ್ ಅಂತು. ಕಿತ್ತುಕೊಂಡು ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟುಬಿಟ್ಟೆ. ಅವತ್ತಿನಿಂದ ಅವಳು ಸರಿಯಾಗಿ ಮಾತಾಡುತ್ತಿಲ್ಲ. ಇಂಥದ್ದನ್ನು ಓದಿದರೆ ಮಕ್ಕಳ ತಲೆ ಕೆಡುವುದಿಲ್ಲವಾ? ಐದಾರು ತಿಂಗಳಾದರೂ ಹುಡುಗಿಗೆ ಗೊತ್ತೇ ಆಗದಿರುವುದು ಸಾಧ್ಯವಾ, ಅಥವಾ ಸುಮ್ನೆ ಕಥೆಗೆ ಅಂತ ಬರೆದದ್ದಾ?
— ಒಬ್ಬ ತಾಯಿ, ವಿಜಯನಗರ

ಉತ್ತರ: ಮೊದಲು ಪುಸ್ತಕವನ್ನು ಬೀರುವಿನಿಂದ ತೆಗೆದು ಮಗಳಿಗೆ ವಾಪಸ್ ಕೊಡಿ. ಅವಳು ಮುಗಿಸಿದ ಮೇಲೆ ನೀವೂ ಪೂರ್ತಿ ಓದಿ.

ನಿಮ್ಮ ಎರಡನೇ ಪ್ರಶ್ನೆಗೆ ಮೊದಲು ಬರುತ್ತೇನೆ, ಯಾಕೆಂದರೆ ಮೊದಲನೆಯದಕ್ಕೆ ಉತ್ತರವೂ ಅದರಲ್ಲೇ ಇದೆ. ಹೌದು, ಸಾಧ್ಯ. ನಾನೇ ನೋಡಿದ್ದೇನೆ. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿ ಹೇಳುತ್ತೇನೆ. ಏಪ್ರಿಲ್ ತಿಂಗಳ ಮಧ್ಯಾಹ್ನ, ಒಬ್ಬ ತಾಯಿ 17 ವರ್ಷದ ಮಗಳನ್ನು ಕರೆದುಕೊಂಡು ಬಂದರು. "ಎರಡು ತಿಂಗಳಿಂದ ಗ್ಯಾಸ್ಟ್ರಿಕ್ ಮೇಡಂ, ಹೊಟ್ಟೆ ಉಬ್ಬರ." ಅಂಥ ಸೆಕೆಯಲ್ಲೂ ಹುಡುಗಿ ದಪ್ಪ ಸ್ವೆಟರ್ ಹಾಕಿಕೊಂಡಿದ್ದಳು, ಕಾಲೇಜು ಬ್ಯಾಗನ್ನು ಮುಂದಕ್ಕೆ ತಬ್ಬಿ ಹಿಡಿದಿದ್ದಳು. ಮಲಗಿಸಿ ಹೊಟ್ಟೆಯ ಮೇಲೆ ಕೈ ಇಟ್ಟೆ. ಒಳಗಿನಿಂದ ಮಗು ನನ್ನ ಅಂಗೈಗೆ ಒದೆಯಿತು. ಅವಳು ಮೇಲಿನ ಫ್ಯಾನನ್ನೇ ನೋಡುತ್ತಾ, "ಅದು ಗ್ಯಾಸ್ ಮೇಡಂ" ಎಂದಳು. ಸ್ಕ್ಯಾನಿಂಗ್‌ನಲ್ಲಿ 28 ವಾರ ಆಗಿತ್ತು.

ಅವಳು ಸುಳ್ಳು ಹೇಳುತ್ತಿರಲಿಲ್ಲ. ಆಮೇಲೆ ನಿಧಾನವಾಗಿ ಬಾಯಿ ಬಿಟ್ಟಳು. ಪ್ರತಿ ತಿಂಗಳೂ ಅಮ್ಮ ದಿನಸಿ ಜೊತೆ ತರುತ್ತಿದ್ದ ಪ್ಯಾಡ್‌ಗಳನ್ನು ಒಂದೊಂದಾಗಿ ಕಾಗದದಲ್ಲಿ ಸುತ್ತಿ, ಬಳಸದೆಯೇ ಕಸಕ್ಕೆ ಹಾಕುತ್ತಿದ್ದಳಂತೆ. ಅಮ್ಮನ ಲೆಕ್ಕ ತಪ್ಪಬಾರದಲ್ವಾ! ಹಾಗಾದರೆ ಅವಳಿಗೆ ಗೊತ್ತಿತ್ತು ಎನ್ನಬೇಕಾ? ಕೈಗೆ ಗೊತ್ತಿತ್ತು, ಮನಸ್ಸಿಗೆ ಗೊತ್ತಿರಲಿಲ್ಲ. ಹೆದರಿಕೆ ತಡೆಯಲಾಗದಷ್ಟು ಆದಾಗ ಮನಸ್ಸು ಹೀಗೆ ಬಾಗಿಲು ಹಾಕಿಕೊಳ್ಳುತ್ತದೆ.

ದೇಹವೂ ನೆಪ ಒದಗಿಸುತ್ತದೆ. ಮೈನೆರೆದ ಮೊದಲ ಎರಡು ಮೂರು ವರ್ಷ ಮುಟ್ಟು ಹಿಂದೆ ಮುಂದೆ ಆಗುವುದು ಮಾಮೂಲಿ. ಈಗಂತೂ ತಿಂಗಳು ತಪ್ಪಿದರೆ "ಪಿಸಿಒಡಿ ಇರಬೇಕು" (ಮುಟ್ಟು ಏರುಪೇರಾಗಿಸುವ ಹಾರ್ಮೋನ್ ತೊಂದರೆ) ಎಂದು ಗೆಳತಿಯರೇ ಹೇಳಿಬಿಡುತ್ತಾರೆ. ಬಸಿರಿನ ಮೊದಲ ದಿನಗಳಲ್ಲಿ ಸ್ವಲ್ಪ ರಕ್ತ ಕಂಡರೆ ಅದೇ ಮುಟ್ಟು ಎನಿಸುತ್ತದೆ. ಮಾಸು ಗರ್ಭಕೋಶದ ಮುಂಭಾಗದಲ್ಲಿ ಇದ್ದರೆ ಮಗು ಒದೆಯುವುದೂ ಸರಿಯಾಗಿ ತಿಳಿಯುವುದಿಲ್ಲ. ಬರ್ಲಿನ್‌ನ ವೈದ್ಯರು 2002ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಲ್ಲಿ ಸುಮಾರು 475 ಹೆರಿಗೆಗೆ ಒಬ್ಬರಂತೆ, 20 ವಾರ ಆದರೂ ಬಸಿರನ್ನು ಅರಿಯದ ಅಥವಾ ಒಪ್ಪದ ಹೆಂಗಸರು ಸಿಕ್ಕರು. ಹೆರಿಗೆ ನೋವು ಬರುವವರೆಗೂ ಹಾಗೇ ಇದ್ದವರು ಸುಮಾರು 2,500ಕ್ಕೆ ಒಬ್ಬರು. ಅವರಲ್ಲಿ ಮದುವೆಯಾದವರೂ ಇದ್ದರು, ಮೊದಲೇ ಹೆತ್ತವರೂ ಇದ್ದರು. ಅಂದಮೇಲೆ ಅಪ್ಪ ಅಮ್ಮನ ಮುಖ ನೆನೆದರೇ ನಡುಗುವ ಹುಡುಗಿಯ ಪಾಡು ಏನಿರಬೇಡ?

ಇನ್ನು ತಲೆ ಕೆಡುವ ಮಾತು. ಇಂಥ ಕಾದಂಬರಿ ಚೆನ್ನಾಗಿದ್ದರೆ ಆ ಬಾಗಿಲು ಹಾಕಿಕೊಂಡ ಮನಸ್ಸಿನ ಒಳಗೆ ನಮ್ಮನ್ನು ಕೂರಿಸುತ್ತದೆ. ನಾವು ಡಾಕ್ಟರುಗಳು ಪಾಠ ಮಾಡಿ ಅದನ್ನು ಮಾಡಲಾರೆವು. ಓದಿದ ಹುಡುಗಿಗೆ ಬಸಿರಾಗುವ ಆಸೆ ಹುಟ್ಟುವುದಿಲ್ಲ. ಸುಮ್ಮನಿದ್ದರೆ ಏನಾಗುತ್ತದೆ ಎನ್ನುವುದು ಕಾಣುತ್ತದೆ. ನಿಮಗೆ ಮಗನೂ ಇದ್ದರೆ ಅವನಿಗೂ ಕೊಡಿ. ಈ ವಿಷಯ ಹುಡುಗಿಯರದ್ದು ಮಾತ್ರ ಎಂದುಕೊಂಡದ್ದೇ ನಮ್ಮ ಮನೆಗಳ ದೊಡ್ಡ ತಪ್ಪು.

ಆದರೆ ಅಮೆರಿಕದ ಪುಸ್ತಕ ನಮ್ಮ ಕಾನೂನನ್ನು ಹೇಳುವುದಿಲ್ಲ. ಅದನ್ನು ನೀವೇ ಹೇಳಬೇಕು. 1971ರ ಗರ್ಭಪಾತ ಕಾಯ್ದೆಗೆ 2021ರಲ್ಲಿ ತಿದ್ದುಪಡಿ ಆಯಿತು. ಅದರ ಪ್ರಕಾರ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. 18 ತುಂಬದ ಹುಡುಗಿಗೆ 24 ವಾರದವರೆಗೂ ಅವಕಾಶ ಇದೆ, ಆಗ ಇಬ್ಬರು ವೈದ್ಯರು ಒಪ್ಪಬೇಕು. ಪೋಷಕರ ಲಿಖಿತ ಒಪ್ಪಿಗೆಯೂ ಬೇಕು. 24 ದಾಟಿತೆಂದರೆ ಮೆಡಿಕಲ್ ಬೋರ್ಡು, ಕೋರ್ಟು ಎಂದು ಓಡಾಡಬೇಕು, ಒಪ್ಪಿಗೆ ಸಿಗುವುದೂ ಕಷ್ಟ. ನಾನು ಹೇಳಿದ ಹುಡುಗಿ ಬಂದದ್ದು 28ಕ್ಕೆ. ಅವಳಿಗೆ ಹೆರಿಗೆಯೇ ಆಗಬೇಕಿತ್ತು. ಅಷ್ಟು ತಿಂಗಳು ಒಂದು ಕಬ್ಬಿಣದ ಮಾತ್ರೆ ಇಲ್ಲ, ಒಂದು ಸಲ ಬಿಪಿ ನೋಡಿಸಿಲ್ಲ. ಚಿಕ್ಕ ವಯಸ್ಸಿನ ಬಸಿರಿನಲ್ಲಿ ರಕ್ತಹೀನತೆ, ಬಿಪಿ ಏರಿ ಫಿಟ್ಸ್ ಬರುವುದು, ದಿನ ತುಂಬುವ ಮೊದಲೇ ಹೆರಿಗೆ, ಇವೆಲ್ಲ ಜಾಸ್ತಿ. ಎಂಟನೇ ವಾರದಲ್ಲಿ ಬಂದಿದ್ದರೆ ನಾವು ಕೂತು ಮಾತಾಡುವ ಮಾತೇ ಬೇರೆ ಇರುತ್ತಿತ್ತು.

ಪೊಲೀಸಿನ ಹೆದರಿಕೆಗೂ ಎಷ್ಟೋ ಮನೆಯವರು ಆಸ್ಪತ್ರೆಗೆ ಬರುವುದಿಲ್ಲ. ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನುಂಗಿಸಿ, ರಕ್ತ ನಿಲ್ಲದಿದ್ದಾಗ ರಾತ್ರಿ ಓಡಿ ಬರುತ್ತಾರೆ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯಲ್ಲಿ, ಲೈಂಗಿಕ ಸಂಬಂಧಕ್ಕೆ 18ರ ಒಳಗಿನವರು ಕೊಟ್ಟ ಒಪ್ಪಿಗೆಗೆ ಬೆಲೆ ಇಲ್ಲ, ವೈದ್ಯರು ಪೊಲೀಸರಿಗೆ ತಿಳಿಸಲೇಬೇಕು. ಅದು ನಿಜ. ಆದರೆ ಗರ್ಭಪಾತಕ್ಕೆ ಬಂದ ಹುಡುಗಿ ಮತ್ತು ಪೋಷಕರು ಕೇಳಿಕೊಂಡರೆ ಆ ವರದಿಯಲ್ಲಿ ವೈದ್ಯರು ಅವಳ ಹೆಸರು, ಗುರುತು ಕೊಡಬೇಕಿಲ್ಲ ಎಂದು 2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಮಕ್ಕಳ ಸಹಾಯವಾಣಿ 1098, ಮನಸ್ಸಿನ ಕಷ್ಟಕ್ಕೆ ಟೆಲಿ ಮಾನಸ್ 14416. ಎರಡೂ ಉಚಿತ. ಮಗಳ ಫೋನಿನಲ್ಲಿ ಸೇವ್ ಮಾಡಿಸಿ, ನಿಮ್ಮದರಲ್ಲೂ ಇರಲಿ.

ಇನ್ನೊಂದು ಮಾತು ಹೇಳದೆ ಇರಲಾರೆ. ಆ ಹುಡುಗಿಯನ್ನು "ಅಮ್ಮನಿಗೆ ಯಾಕೆ ಹೇಳಲಿಲ್ಲಮ್ಮ?" ಎಂದು ಕೇಳಿದ್ದೆ. ಒಂದು ಸಂಜೆ ಟಿವಿಯಲ್ಲಿ ಸೀರಿಯಲ್ ನೋಡುತ್ತಾ ಅಮ್ಮ, "ನನ್ನ ಮಗಳೇನಾದ್ರೂ ಹೀಗೆ ಮಾಡಿದ್ರೆ ಬಾವಿಗೆ ತಳ್ಳಿಬಿಡ್ತಿದ್ದೆ" ಎಂದಿದ್ದರಂತೆ. ಅವಳಿಗಾಗ ಎರಡನೇ ತಿಂಗಳು. ಹೊರಗೆ ಬೆಂಚಿನ ಮೇಲೆ ಅಳುತ್ತಾ ಕೂತಿದ್ದ ಆ ತಾಯಿಗೆ ಹಾಗೆ ಅಂದದ್ದೇ ನೆನಪಿರಲಿಲ್ಲ.

ನಿಮ್ಮ ಮಗಳು ಪುಸ್ತಕ ಮುಗಿಸಲಿ. ಆಮೇಲೆ ತಲೆಗೆ ಎಣ್ಣೆ ಹಚ್ಚುವಾಗಲೋ, ಅವರೆಕಾಳು ಬಿಡಿಸುವಾಗಲೋ, ಮುಖ ಮುಖ ನೋಡಬೇಕಿಲ್ಲದ ಹೊತ್ತಿನಲ್ಲಿ ಒಂದೇ ಪ್ರಶ್ನೆ ಕೇಳಿ: "ಆ ಹುಡುಗಿ ಅವಳಮ್ಮನಿಗೆ ಯಾಕೆ ಹೇಳಲಿಲ್ಲ?" ಅವಳು ಏನೇ ಹೇಳಿದರೂ ನಡುವೆ ಬಾಯಿ ಹಾಕಬೇಡಿ. ಇವತ್ತಿಗೆ ಪುಸ್ತಕವನ್ನು ಅವಳ ಮೇಜಿನ ಮೇಲೆ ಇಟ್ಟರೆ ಸಾಕು. ಕಿತ್ತುಕೊಂಡಾಗ ಅವಳಿಟ್ಟ ಪುಟದ ಗುರುತು ಬಿದ್ದುಹೋಗಿದ್ದರೆ, "ಸಾರಿ ಪುಟ್ಟಿ, ಎಲ್ಲಿವರೆಗೆ ಓದಿದ್ದೆ?" ಎಂದು ಕೇಳಿ.